ನರ್ಸಿಂಗ್ ಪದವಿ: ಗಂಟೆ ತುಂಬಿದರೆ ಸಾಕೆ?

ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಹೊರತಂದ ವರದಿಯ ಪ್ರಕಾರ 2023ರಲ್ಲಿ ಜಗತ್ತಿನಲ್ಲಿದ್ದ ನರ್ಸ್‌ಗಳು 2.98 ಕೋಟಿ. ಇನ್ನೂ ಬೇಕಿದ್ದವರು 58 ಲಕ್ಷ. 2030ರ ಹೊತ್ತಿಗೆ ಈ ಕೊರತೆ 41 ಲಕ್ಷಕ್ಕೆ ಇಳಿಯಬಹುದೆಂದು ಅದೇ ವರದಿ ಅಂದಾಜಿಸುತ್ತದೆ. ಕೊರತೆ ಎಂದೊಡನೆ ಎಲ್ಲರಿಗೂ ಮೊದಲು ಹೊಳೆಯುವ ಉಪಾಯ ಸೀಟು ಹೆಚ್ಚಿಸುವುದು. ಆದರೆ ಸೀಟು ಹೆಚ್ಚಿಸಿದಷ್ಟು ಸುಲಭವಾಗಿ ಪಾಠ ಹೇಳುವವರನ್ನು ಹೆಚ್ಚಿಸಲಾಗದು. ವಿದ್ಯಾರ್ಥಿಗಳನ್ನು ನಿಲ್ಲಿಸಿಕೊಂಡು ಕಲಿಸುವಷ್ಟು ಪುರುಸೊತ್ತಿರುವ ವಾರ್ಡ್‌ಗಳನ್ನಂತೂ ಹುಡುಕಬೇಕು. ಹಾಗಾಗಿ ಕ್ಲಿನಿಕಲ್ ಪೋಸ್ಟಿಂಗ್, ಅಂದರೆ ವಾರ್ಡ್‌ನಲ್ಲಿ ರೋಗಿಗಳ ನಡುವೆ ಕಲಿಯುವ ಅವಧಿ, ಎಷ್ಟು ಗಂಟೆ ಇರಬೇಕು, ಅದರಲ್ಲಿ ಎಷ್ಟನ್ನು ಮ್ಯಾನಿಕಿನ್ ಎಂಬ ಅಭ್ಯಾಸದ ಗೊಂಬೆಯ ಮುಂದೆ ಕಳೆಯಬಹುದು ಎಂಬ ಚರ್ಚೆ ಈಗ ಬಿಸಿಯಾಗಿದೆ. ಈ ಚರ್ಚೆಯಲ್ಲಿ ಗಂಟೆಯ ಮಾತೇ ಜಾಸ್ತಿ. ಆ ಗಂಟೆಗಳೊಳಗೆ ವಿದ್ಯಾರ್ಥಿ ಏನು ಕಲಿಯಬೇಕು, ಕಲಿಯದೆ ಉಳಿದರೆ ರೋಗಿಗೆ ಏನಾಗುತ್ತದೆ ಎಂಬುದನ್ನು ಬಿಡಿಸಿ ನೋಡಿದವರು ಕಡಿಮೆ.

ಮೊದಲ ವರ್ಷದ ಪಟ್ಟಿ ಎಲ್ಲೆಡೆ ಹೆಚ್ಚುಕಡಿಮೆ ಒಂದೇ: ಅಂಗರಚನೆ, ಶರೀರಕ್ರಿಯೆ, ಜೀವರಸಾಯನ, ಸೂಕ್ಷ್ಮಜೀವಿಶಾಸ್ತ್ರ, ಪೋಷಣೆ, ಮನಶ್ಶಾಸ್ತ್ರ, ಸಮಾಜಶಾಸ್ತ್ರ, ಜೊತೆಗೆ ನರ್ಸಿಂಗ್ ಫೌಂಡೇಶನ್. ಇದರಲ್ಲಿ ವಿಜ್ಞಾನದ ಪತ್ರಿಕೆಗಳನ್ನು ಪಾಸಾಗಿ ಮರೆತುಬಿಡುವ ಅಡ್ಡಿ ಎಂದು ಭಾವಿಸುವ ವಿದ್ಯಾರ್ಥಿಗಳು ಬಹಳ. ಭಾವನೆ ತಪ್ಪು ಎಂದು ತೋರಿಸಲು ಉಸಿರು ಎಣಿಸುವ ಕೆಲಸವೊಂದನ್ನೇ ತೆಗೆದುಕೊಂಡರೆ ಸಾಕು.

ಉಸಿರು ಎಣಿಸಲು ಉಪಕರಣ ಬೇಡ, ಸೆಕೆಂಡ್ ಮುಳ್ಳಿರುವ ಗಡಿಯಾರ ಸಾಕು. ಪಲ್ಸ್ ನೋಡಿ ಮುಗಿದ ಮೇಲೂ ಬೆರಳನ್ನು ಮಣಿಕಟ್ಟಿನ ಮೇಲೇ ಇಟ್ಟುಕೊಂಡು, ರೋಗಿಗೆ ಹೇಳದೆ, ಎದೆ ಏರಿಳಿಯುವುದನ್ನು ಪೂರ್ತಿ 60 ಸೆಕೆಂಡ್ ಎಣಿಸಬೇಕು. ಹೇಳಿದರೆ ರೋಗಿಯ ಗಮನ ಉಸಿರಿನ ಮೇಲೆ ಹೋಗಿ ಲಯವೇ ಬದಲಾಗುತ್ತದೆ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ಒಂದು ಉಸಿರಿನ ತಪ್ಪು ನಾಲ್ಕಾಗುತ್ತದೆ. ಇಷ್ಟು ಸರಳವಾದ ಕೆಲಸವನ್ನೇ ವಾರ್ಡ್‌ನಲ್ಲಿ ಅತಿ ಹೆಚ್ಚು ಹಾರಿಸುವುದು. ಬಿಪಿ, ಆಮ್ಲಜನಕದ ಪ್ರಮಾಣ, ಪಲ್ಸ್ ಇವನ್ನು ಯಂತ್ರ ತೋರಿಸುತ್ತದೆ. ಉಸಿರನ್ನು ಮಾತ್ರ ನಿಂತು ನೋಡಬೇಕು. ನಿಲ್ಲಲು ಸಮಯವಿಲ್ಲದಾಗ ಚಾರ್ಟ್‌ನಲ್ಲಿ 18 ಅಥವಾ 20 ಎಂದು ಬಿದ್ದುಬಿಡುತ್ತದೆ. ಸಾಲಾಗಿ ಹತ್ತು ಹಾಸಿಗೆಯ ರೋಗಿಗಳೆಲ್ಲ 20ರ ಲೆಕ್ಕದಲ್ಲೇ ಉಸಿರಾಡುತ್ತಿದ್ದರೆ ಅದು ಯಾರೂ ಎಣಿಸಿಲ್ಲ ಎನ್ನುವುದಕ್ಕೆ ಸಾಕ್ಷಿ.

ಸುಳ್ಳು ಸಂಖ್ಯೆಯಿಂದ ಆಗುವ ನಷ್ಟವನ್ನು ಲೆಕ್ಕ ಹಾಕಿಯೇ ತೋರಿಸಬಹುದು. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2017ರಲ್ಲಿ ಪರಿಷ್ಕರಿಸಿದ 'ನ್ಯೂಸ್ 2' ಎಂಬ ಎಚ್ಚರಿಕೆ ಸ್ಕೋರ್ ಇದೆ. ಉಸಿರು, ಆಮ್ಲಜನಕ ಪ್ರಮಾಣ, ಹೊರಗಿನಿಂದ ಆಮ್ಲಜನಕ ಕೊಡಲಾಗುತ್ತಿದೆಯೇ, ಬಿಪಿಯ ಮೇಲಿನ ಅಂಕಿ, ಪಲ್ಸ್, ಪ್ರಜ್ಞೆ, ಜ್ವರ ಈ ಏಳಕ್ಕೂ ಅಂಕ ಕೊಟ್ಟು ಕೂಡಿಸುವುದು ಅದರ ಕ್ರಮ. ಹೊಟ್ಟೆಯ ಶಸ್ತ್ರಚಿಕಿತ್ಸೆಯಾದ ಎರಡನೇ ದಿನ ಮಧ್ಯಾಹ್ನ ರೋಗಿಯ ಉಸಿರು 22, ಪಲ್ಸ್ 104, ಬಿಪಿ 108, ಆಮ್ಲಜನಕ 95, ಜ್ವರ 38.3 ಡಿಗ್ರಿ ಸೆಲ್ಸಿಯಸ್ ಎಂದಿಟ್ಟುಕೊಳ್ಳೋಣ. ಪ್ರಜ್ಞೆ ಸರಿಯಿದೆ, ಆಮ್ಲಜನಕ ಹಾಕಿಲ್ಲ. ಉಸಿರಿಗೆ 2, ಉಳಿದ ನಾಲ್ಕಕ್ಕೆ ಒಂದೊಂದು, ಒಟ್ಟು 6. ಒಟ್ಟು ಐದು ಅಥವಾ ಹೆಚ್ಚಾದರೆ ವೈದ್ಯರ ತಂಡವನ್ನು ತುರ್ತಾಗಿ ಕರೆಸಬೇಕು, ಕನಿಷ್ಠ ಗಂಟೆಗೊಮ್ಮೆ ಈ ಅಳತೆಗಳನ್ನು ಮತ್ತೆ ನೋಡಬೇಕು. ಇದೇ ರೋಗಿಯ ಉಸಿರನ್ನು ಅಂದಾಜಿಗೆ 18 ಎಂದು ಬರೆದರೆ ಆ ಅಂಕ ಸೊನ್ನೆಯಾಗಿ ಒಟ್ಟು 4ಕ್ಕೆ ಇಳಿಯುತ್ತದೆ. ಆಗ ನಿಯಮದ ಪ್ರಕಾರ ಮತ್ತೆ ನೋಡುವುದು ನಾಲ್ಕರಿಂದ ಆರು ಗಂಟೆಯ ನಂತರ. ಸೋಂಕು ರಕ್ತಕ್ಕೆ ಹರಡುತ್ತಿರುವ ರೋಗಿಗೆ ಈ ಗಂಟೆಗಳು ಬಹಳ ದುಬಾರಿ.

ಶರೀರಕ್ರಿಯೆಯ ಪಾಠ ನೆರವಿಗೆ ಬರುವುದು ಇಲ್ಲಿ. ಅಂಗಾಂಶಗಳಿಗೆ ಆಮ್ಲಜನಕ ಸಾಲದಾದಾಗ ರಕ್ತದಲ್ಲಿ ಆಮ್ಲ ಹೆಚ್ಚುತ್ತದೆ. ಇಂಗಾಲದ ಡೈಆಕ್ಸೈಡ್ ಹೊರದೂಡಿ ಅದನ್ನು ಸರಿದೂಗಿಸಲು ಮೆದುಳು ಉಸಿರಿನ ವೇಗ ಏರಿಸುತ್ತದೆ. ಅದೇ ಹೊತ್ತಿಗೆ ರಕ್ತನಾಳಗಳು ಬಿಗಿಯಾಗಿ, ಹೃದಯ ವೇಗವಾಗಿ ಬಡಿದು ಬಿಪಿಯನ್ನು ಹಿಡಿದು ನಿಲ್ಲಿಸುತ್ತವೆ. ಬಿಪಿ ಕುಸಿಯುವುದು ಈ ಹೊಂದಾಣಿಕೆ ಸೋತ ಮೇಲೆ. ಇದು ತಲೆಯಲ್ಲಿದ್ದವರು 'ಬಿಪಿ ಚೆನ್ನಾಗಿದೆಯಲ್ಲ' ಎಂದು ಸುಮ್ಮನಾಗುವುದಿಲ್ಲ. ಸ್ಕೋರ್ ಹಾಕಲು ಬಂದರೂ ಇದು ಗೊತ್ತಿಲ್ಲದವರಿಗೆ 22 ಒಂದು ಅಂಕಿ ಮಾತ್ರ, ಎಣಿಸದೆ ಬಿಡುವುದಕ್ಕೂ ಮನಸ್ಸು ಅಳುಕುವುದಿಲ್ಲ.

ಫೌಂಡೇಶನ್ ವಿಷಯದಲ್ಲಿ ಕೈತೊಳೆಯುವುದು, ಹಾಸಿಗೆ ಹಾಸುವುದು, ಡ್ರೆಸ್ಸಿಂಗ್, ಕ್ಯಾತಿಟರ್, ಇಂಜೆಕ್ಷನ್ ಎಲ್ಲವೂ ಬರುತ್ತವೆ. ಹೊರಗಿನವರು, ಕೆಲವೊಮ್ಮೆ ವಿದ್ಯಾರ್ಥಿಗಳೂ, ಕೀಳಾಗಿ ಕಾಣುವುದು ರೋಗಿಗೆ ಹಾಸಿಗೆಯಲ್ಲೇ ಸ್ನಾನ ಮಾಡಿಸುವ ಕೆಲಸವನ್ನು. ಅಡಿಯಿಂದ ಮುಡಿಯವರೆಗೆ ಚರ್ಮ ಕಣ್ಣಿಗೆ ಬೀಳುವ ಇನ್ನೊಂದು ಸಂದರ್ಭ ಇಡೀ ದಿನದಲ್ಲಿ ಸಿಗುವುದಿಲ್ಲ. ಬೆನ್ನಿನ ತಳದ ಮೂಳೆ, ಹಿಮ್ಮಡಿ, ಸೊಂಟದ ಪಕ್ಕ, ಮೊಣಕೈಗಳಲ್ಲಿ ಕೆಂಪು ಕಂಡರೆ ಬೆರಳಿನಿಂದ ಒತ್ತಿ ಬಿಡಬೇಕು. ಬಿಳಿಚಿಕೊಂಡು ಮತ್ತೆ ಕೆಂಪಾದರೆ ರಕ್ತ ಇನ್ನೂ ಓಡಾಡುತ್ತಿದೆ. ಒತ್ತಿದರೂ ಕೆಂಪು ಮಾಸದಿದ್ದರೆ ಅದು ಒಂದೇ ಕಡೆ ಮಲಗಿದ್ದರಿಂದ ಆಗುವ ಒತ್ತುಹುಣ್ಣಿನ ಮೊದಲ ಹಂತ. ಕಪ್ಪು ಚರ್ಮದಲ್ಲಿ ಈ ಬಣ್ಣದ ಪರೀಕ್ಷೆ ಕೈಕೊಡುತ್ತದೆ. ಅಲ್ಲಿ ಸುತ್ತಲಿಗಿಂತ ಬಿಸಿ, ಗಡಸು ಅಥವಾ ನೋವು ಇದೆಯೇ ಎಂದು ಕೈಯಿಂದಲೇ ತಿಳಿಯಬೇಕು. ಬಿಳಿಚರ್ಮದ ಚಿತ್ರಗಳಷ್ಟೇ ಇರುವ ಪಠ್ಯಪುಸ್ತಕ ನೋಡಿ ಕಲಿತವರು ಇದನ್ನು ತಪ್ಪಿಸಿಕೊಳ್ಳುತ್ತಾರೆ. ಸ್ನಾನವನ್ನು ಬೇಗ ಮುಗಿಸಬೇಕಾದ ಕೆಲಸವೆಂದು ಕಲಿತವರು ಇನ್ನೂ ಸುಲಭವಾಗಿ ತಪ್ಪಿಸಿಕೊಳ್ಳುತ್ತಾರೆ.

ಔಷಧದ ಲೆಕ್ಕ

ಔಷಧಶಾಸ್ತ್ರದ ಜೊತೆಗೆ ಬರುವ ಗಣಿತ ಹೈಸ್ಕೂಲಿನದು. ಬೇಕಾದ ಪ್ರಮಾಣವನ್ನು ಇರುವ ಪ್ರಮಾಣದಿಂದ ಭಾಗಿಸಿ, ಅದು ಎಷ್ಟು ದ್ರವದಲ್ಲಿದೆಯೋ ಅದರಿಂದ ಗುಣಿಸುವುದು. ಸೂತ್ರ ಎಲ್ಲರಿಗೂ ಬರುತ್ತದೆ, ತಪ್ಪುವುದು ಸೂತ್ರಕ್ಕೆ ಅಂಕಿ ಎತ್ತಿಕೊಳ್ಳುವಾಗ. 12 ಕಿಲೋ ತೂಕದ ಮಗುವಿಗೆ ಕಿಲೋಗೆ 15 ಮಿ.ಗ್ರಾಂ. ಲೆಕ್ಕದಲ್ಲಿ ಪ್ಯಾರಾಸಿಟಮಾಲ್ ಬೇಕು, ಅಂದರೆ 180 ಮಿ.ಗ್ರಾಂ. ಸಿರಪ್‌ನಲ್ಲಿ 5 ಮಿ.ಲೀ.ಗೆ 120 ಮಿ.ಗ್ರಾಂ. ಇದ್ದರೆ 7.5 ಮಿ.ಲೀ. ಕೊಡಬೇಕು. ಅದೇ ಔಷಧ 5 ಮಿ.ಲೀ.ಗೆ 250 ಮಿ.ಗ್ರಾಂ. ಇರುವ ಬಾಟಲಿಯಲ್ಲೂ ಬರುತ್ತದೆ, ಅದರಲ್ಲಿ 3.6 ಮಿ.ಲೀ. ಸಾಕು. ಲೇಬಲ್ ಓದದೆ ಅಭ್ಯಾಸಬಲದಿಂದ 7.5 ಮಿ.ಲೀ. ಎಳೆದರೆ ಮಗುವಿನ ಹೊಟ್ಟೆಗೆ ಹೋಗುವುದು 375 ಮಿ.ಗ್ರಾಂ., ಎರಡು ಪಟ್ಟಿಗಿಂತ ಹೆಚ್ಚು. ತೂಕ ನೋಡದೆ 'ಮೂರು ವರ್ಷದ ಮಗು' ಎಂದು ಊಹಿಸಿದರೆ ಮೊದಲ ಅಂಕಿಯೇ ತಪ್ಪು.

ಡ್ರಿಪ್ ಲೆಕ್ಕದಲ್ಲೂ ಇದೇ ಕಥೆ. ಒಂದು ಲೀಟರ್ ಸಲೈನ್ 8 ಗಂಟೆಯಲ್ಲಿ ಹೋಗಬೇಕು, ಹನಿ ಇಳಿಸುವ ಸೆಟ್ ಮಿ.ಲೀ.ಗೆ 20 ಹನಿಯದು ಎಂದರೆ 1000 ಗುಣಿಸು 20, ಭಾಗಿಸು 480 ನಿಮಿಷ. ನಿಮಿಷಕ್ಕೆ ಸುಮಾರು 42 ಹನಿ. ಕೈಗೆ ಸಿಕ್ಕಿದ್ದು ಮಿ.ಲೀ.ಗೆ 60 ಹನಿಯ ಮೈಕ್ರೋ ಸೆಟ್ ಆಗಿದ್ದು, ಅದನ್ನು ಗಮನಿಸದೆ 42ಕ್ಕೇ ಹೊಂದಿಸಿದರೆ ಗಂಟೆಗೆ 125 ಮಿ.ಲೀ. ಬದಲು 42 ಮಿ.ಲೀ. ಹೋಗುತ್ತದೆ. ಎಂಟು ಗಂಟೆಯ ಬಾಟಲಿ ಸುಮಾರು ಒಂದು ದಿನ ನೇತಾಡುತ್ತದೆ. ಹನಿ ಹೊಂದಿಸಿ ಹೋದ ಮೇಲೆ ರೋಗಿ ಕೈ ಮಡಚಿದರೂ ವೇಗ ಬದಲಾಗುವುದರಿಂದ ಮತ್ತೆ ಬಂದು ಎಣಿಸುವುದೂ ಲೆಕ್ಕದ ಭಾಗವೇ.

ಇನ್ನು ಕೆಲವು ಔಷಧಗಳಲ್ಲಿ ತಪ್ಪಿಗೆ ಜಾಗವೇ ಇಲ್ಲ. ಸಾಂದ್ರ ಪೊಟ್ಯಾಸಿಯಂ ಕ್ಲೋರೈಡನ್ನು ದ್ರವದಲ್ಲಿ ಬೆರೆಸದೆ ನೇರವಾಗಿ ರಕ್ತನಾಳಕ್ಕೆ ತಳ್ಳಿದರೆ ಹೃದಯ ನಿಂತುಹೋಗುತ್ತದೆ. ಇನ್ಸುಲಿನ್ ಸಾಮಾನ್ಯವಾಗಿ ಮಿ.ಲೀ.ಗೆ 100 ಯೂನಿಟ್ ಇರುತ್ತದೆ, ಆದ್ದರಿಂದ 10 ಯೂನಿಟ್ ಎಂದರೆ 0.1 ಮಿ.ಲೀ. ಮಾತ್ರ. ಇನ್ಸುಲಿನ್ ಸಿರಿಂಜ್ ಬಿಟ್ಟು ಸಾಮಾನ್ಯ ಸಿರಿಂಜ್ ಹಿಡಿದಾಗ ಹತ್ತು ಪಟ್ಟು ತಪ್ಪುವುದು ಕ್ಷಣದ ಕೆಲಸ. ಯೂನಿಟ್ ಎನ್ನುವುದನ್ನು ಇಂಗ್ಲಿಷಿನ 'U' ಎಂಬ ಒಂದೇ ಅಕ್ಷರದಲ್ಲಿ ಗೀಚಿದರೆ ಅದು ಸೊನ್ನೆಯಂತೆ ಕಂಡು 10 ಎನ್ನುವುದು 100 ಆಗುತ್ತದೆ. ಪೂರ್ತಿಯಾಗಿ ಬರೆಯಿರಿ ಎಂದು ಕಲಿಸುವುದು ಇದಕ್ಕೇ. ದಶಮಾಂಶದ ಮುಂದೆ ಸೊನ್ನೆ ಇರಬೇಕು, ಪೂರ್ಣಾಂಕದ ನಂತರ ದಶಮಾಂಶ ಸೊನ್ನೆ ಇರಬಾರದು: 0.5 ಸರಿ, 5.0 ಸರಿಯಲ್ಲ, ಏಕೆಂದರೆ ಚುಕ್ಕೆ ಅಳಿಸಿದರೆ ಅದು 50.

ಇಂಥ ಔಷಧಗಳಿಗೆ ಇಬ್ಬರು ನರ್ಸ್‌ಗಳು ಪರೀಕ್ಷಿಸುವ ಪದ್ಧತಿ ಇದೆ. ಆದರೆ ಮೊದಲನೆಯವರು 'ಎಂಟು ಯೂನಿಟ್, ಸರಿಯಲ್ವಾ?' ಎಂದು ಸಿರಿಂಜ್ ತೋರಿಸಿದರೆ ಎರಡನೆಯವರು 'ಹೂಂ' ಎನ್ನುತ್ತಾರೆ, ಸಹಿ ಬೀಳುತ್ತದೆ. ಅಲ್ಲಿಗೆ ಪರೀಕ್ಷೆ ನಡೆದದ್ದು ಒಂದೇ ಸಲ. ಎರಡನೆಯವರು ಆದೇಶದ ಹಾಳೆಯಿಂದಲೇ ಆರಂಭಿಸಿ, ಉತ್ತರ ಕೇಳಿಸಿಕೊಳ್ಳದೆ ತಾವೇ ಲೆಕ್ಕ ಹಾಕಿ, ಆಮೇಲೆ ಎರಡನ್ನೂ ಹೋಲಿಸಬೇಕು. ಸರಿಯಾದ ರೋಗಿ, ಔಷಧ, ಪ್ರಮಾಣ, ಮಾರ್ಗ, ಸಮಯ ಎಂಬ ಐದು ಅಂಶಗಳನ್ನು ಬಾಯಿಪಾಠ ಮಾಡಿಸುವುದಕ್ಕಿಂತ ಈ ಒಂದು ಅಭ್ಯಾಸ ಹತ್ತಿಸುವುದು ಕಷ್ಟ. ಪ್ರಯೋಜನ ಮಾತ್ರ ಇದರಲ್ಲೇ ಹೆಚ್ಚು.

ಎರಡನೇ ವರ್ಷದಿಂದ ವಿಭಾಗಗಳ ಸುತ್ತು ಶುರುವಾಗುತ್ತದೆ. ಮೆಡಿಕಲ್-ಸರ್ಜಿಕಲ್ ನರ್ಸಿಂಗ್‌ಗೆ ಸಿಂಹಪಾಲು. ಮಕ್ಕಳ ವಿಭಾಗ, ಹೆರಿಗೆ, ಮಾನಸಿಕ ಆರೋಗ್ಯ, ಸಮುದಾಯ ಆರೋಗ್ಯಕ್ಕೆ ಉಳಿದ ಸಮಯ. ಪ್ರತಿ ವಿಭಾಗದಲ್ಲೂ ಕಣ್ಣು ಮೋಸಹೋಗುವ ಒಂದೊಂದು ಜಾಗವಿದೆ. ಹೆರಿಗೆಯ ನಂತರದ ರಕ್ತಸ್ರಾವವನ್ನು ಕಣ್ಣಳತೆಯಲ್ಲಿ ಹೇಳಿದರೆ ಬಹುತೇಕ ಕಡಿಮೆಯೇ ಹೇಳುತ್ತೇವೆ, ಅದರಲ್ಲೂ ರಕ್ತ ಹೆಚ್ಚು ಹೋದಾಗ. ಒದ್ದೆ ಪ್ಯಾಡ್ ತೂಗಿ ಒಣ ಪ್ಯಾಡಿನ ತೂಕ ಕಳೆದು, ಒಂದು ಗ್ರಾಂಗೆ ಒಂದು ಮಿ.ಲೀ. ಎಂದು ಹಿಡಿಯುವುದು ಇದಕ್ಕೇ. ಮಾನಸಿಕ ಆರೋಗ್ಯದಲ್ಲಿ ವಿದ್ಯಾರ್ಥಿಗಳು ಅಂಜುವುದು 'ಸಾಯಬೇಕು ಅನಿಸಿದೆಯಾ?' ಎಂದು ನೇರವಾಗಿ ಕೇಳಲು. ಕೇಳಿದರೆ ಆ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಕೇಳದಿದ್ದರೆ ಮಾತ್ರ ಅಪಾಯ ಗೊತ್ತಾಗದೆ ಉಳಿಯುತ್ತದೆ. ಸಮುದಾಯ ಆರೋಗ್ಯದಲ್ಲಿ ಹಾಸಿಗೆಯೂ ಇಲ್ಲ, ಮಾನಿಟರ್ ಕೂಡ ಇಲ್ಲ. ಮನೆಯವರು ಬಾಗಿಲು ತೆಗೆದರಷ್ಟೇ ಕೆಲಸ.

ನೋಡಿದ್ದನ್ನು ಹೇಳಲು ಬರಬೇಕು

ಪರಿಶೀಲನೆ, ಸಮಸ್ಯೆ ಗುರುತಿಸುವಿಕೆ, ಯೋಜನೆ, ಕಾರ್ಯ, ಮೌಲ್ಯಮಾಪನ ಎಂಬ ಐದು ಹಂತಗಳ ನರ್ಸಿಂಗ್ ಪ್ರೊಸೆಸ್ ಪದವಿಯುದ್ದಕ್ಕೂ ಹಿಂಬಾಲಿಸುತ್ತದೆ. ಕೇರ್ ಪ್ಲ್ಯಾನ್ ಬರೆಯುವುದೆಂದರೆ ಇದನ್ನೇ ಕಾಲಂಗಳಲ್ಲಿ ತುಂಬುವುದು. ಹೆಚ್ಚಿನ ಕೇರ್ ಪ್ಲ್ಯಾನ್‌ಗಳು ಸೀನಿಯರ್‌ಗಳ ಫೈಲಿನಿಂದ ನಕಲಾಗಿ ಬರುತ್ತವೆ ಎನ್ನುವುದು ಗುಟ್ಟೇನಲ್ಲ. ನಕಲು ಪತ್ತೆಯಾಗುವುದು ಕೊನೆಯ ಕಾಲಂನಲ್ಲಿ: 'ರೋಗಿಯ ನೋವು ಕಡಿಮೆಯಾಯಿತು' ಎಂದಷ್ಟೇ ಇರುತ್ತದೆ. ನಿಜವಾಗಿ ನೋಡಿದವರು 'ನೋವು 8ರಿಂದ 4ಕ್ಕೆ ಇಳಿಯಿತು, ಆದರೆ ಕೆಮ್ಮುವಾಗ 7. ಆಳವಾಗಿ ಉಸಿರೆಳೆಯುತ್ತಿಲ್ಲ' ಎಂದು ಬರೆಯುತ್ತಾರೆ. ಎರಡನೆಯ ವಾಕ್ಯದಿಂದ ಮುಂದಿನ ಕೆಲಸ ಹುಟ್ಟುತ್ತದೆ, ಏಕೆಂದರೆ ನೋವಿಗೆ ಹೆದರಿ ಆಳವಾಗಿ ಉಸಿರಾಡದ ರೋಗಿಯ ಶ್ವಾಸಕೋಶದಲ್ಲಿ ಕಫ ಕಟ್ಟಿಕೊಂಡು ನ್ಯುಮೋನಿಯಾ ಬರಬಹುದು.

ಗಮನಿಸಿದ್ದು ವೈದ್ಯರ ಕಿವಿಗೆ ಸರಿಯಾಗಿ ಬೀಳದಿದ್ದರೆ ಗಮನಿಸಿಯೂ ಉಪಯೋಗವಿಲ್ಲ. 'ಸರ್, ಆ ಪೇಷಂಟ್ ಯಾಕೋ ಸರಿ ಇಲ್ಲ, ಒಂದ್ಸಲ ನೋಡ್ತೀರಾ?' ಎಂದು ಫೋನ್ ಮಾಡಿದರೆ 'ಆಮೇಲೆ ಬರ್ತೀನಿ' ಎಂಬ ಉತ್ತರಕ್ಕೆ ನಾವೇ ದಾರಿ ಮಾಡಿಕೊಟ್ಟಂತೆ. ಅಮೆರಿಕದ ನೌಕಾಪಡೆಯ ಜಲಾಂತರ್ಗಾಮಿಗಳಲ್ಲಿ ಬಳಕೆಯಲ್ಲಿದ್ದ 'ಎಸ್‌ಬಾರ್' ಎಂಬ ಮಾತಿನ ಕ್ರಮವನ್ನು ಆಸ್ಪತ್ರೆಗಳು ಎತ್ತಿಕೊಂಡಿದ್ದು ಇದಕ್ಕಾಗಿ. ಈಗಿನ ಸ್ಥಿತಿ, ಹಿನ್ನೆಲೆ, ನನ್ನ ಅಂದಾಜು, ನನ್ನ ಕೋರಿಕೆ ಎಂಬ ನಾಲ್ಕು ಭಾಗ. ಮೇಲಿನ ರೋಗಿಯ ಬಗ್ಗೆ ಹೇಳುವುದಾದರೆ: 'ಸರ್, ಸರ್ಜರಿ ವಾರ್ಡಿನಿಂದ ಸ್ಟಾಫ್ ನರ್ಸ್ ಮಾತಾಡ್ತಿರೋದು. ಏಳನೇ ಬೆಡ್ ಪೇಷಂಟ್‌ಗೆ ಸ್ಕೋರ್ ಆರು ಬಂದಿದೆ, ಬೆಳಿಗ್ಗೆ ಸೊನ್ನೆ ಇತ್ತು. ಹೊಟ್ಟೆ ಆಪರೇಷನ್ ಆಗಿ ಇವತ್ತು ಎರಡನೇ ದಿನ. ಉಸಿರು 22, ಜ್ವರ 38.3. ಇನ್ಫೆಕ್ಷನ್ ಹರಡ್ತಿದೆ ಅಂತ ನನಗೆ ಅನುಮಾನ. ನೀವು ಅರ್ಧ ಗಂಟೆಯೊಳಗೆ ಬಂದು ನೋಡಬೇಕು. ಅಷ್ಟರಲ್ಲಿ ಬ್ಲಡ್ ಕಲ್ಚರ್‌ಗೆ ತೆಗೆದು ಇಡಲಾ?' ಮೂವತ್ತು ಸೆಕೆಂಡಿನ ಮಾತು. ಇದರಲ್ಲಿ ವಿದ್ಯಾರ್ಥಿಗಳು ಎಡವುವುದು ಕೊನೆಯ ಎರಡು ಭಾಗದಲ್ಲಿ. ಅಂಕಿ ಹೇಳಲು ಧೈರ್ಯ ಬರುತ್ತದೆ, ಅಂದಾಜು ಹೇಳಲು ಸಂಕೋಚ, ಇಷ್ಟು ಹೊತ್ತಿನೊಳಗೆ ಬನ್ನಿ ಎನ್ನಲು ಇನ್ನೂ ಸಂಕೋಚ. ಸಾಲು ಸಾಲು ಉಪನ್ಯಾಸ ಕೇಳಿದರೂ ಈ ಸಂಕೋಚ ಹೋಗದು, ಬಾಯಿಬಿಟ್ಟು ಹೇಳಿ ಅಭ್ಯಾಸವಾಗಬೇಕು.

ಸಿಮ್ಯುಲೇಶನ್, ಅಂದರೆ ಕೃತಕ ಸನ್ನಿವೇಶದಲ್ಲಿ ಮಾಡುವ ಅಭ್ಯಾಸ, ಬೆಲೆಬಾಳುವುದು ಇಂಥ ಕಡೆ. ಮ್ಯಾನಿಕಿನ್‌ನ ಬಿಪಿ ಇಳಿಯುತ್ತಿದೆ, ಫೋನಿನ ಆ ಕಡೆ ಬೇಕೆಂದೇ ಸಿಡುಕುವ ಶಿಕ್ಷಕರು ಕೂತಿದ್ದಾರೆ. ಯಾರ ಪ್ರಾಣಕ್ಕೂ ಕುತ್ತಿಲ್ಲದೆ ತಪ್ಪಿ ಕಲಿಯಬಹುದು. ಅಮೆರಿಕದ ನರ್ಸಿಂಗ್ ಮಂಡಳಿಗಳ ರಾಷ್ಟ್ರೀಯ ಒಕ್ಕೂಟ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕ್ಲಿನಿಕಲ್ ಗಂಟೆಗಳ ಅರ್ಧದವರೆಗೆ ಸಿಮ್ಯುಲೇಶನ್ ಹಾಕಿದ ವಿದ್ಯಾರ್ಥಿಗಳೂ ಲೈಸೆನ್ಸ್ ಪರೀಕ್ಷೆಯಲ್ಲಿ ಉಳಿದವರಿಗೆ ಸಮನಾಗಿಯೇ ಇದ್ದರು. ಸೀಟು ಹೆಚ್ಚಿಸುವವರ ಬಾಯಲ್ಲಿ ಈ ಅಧ್ಯಯನ ಮತ್ತೆ ಮತ್ತೆ ಬರುತ್ತದೆ, ಅದರ ಷರತ್ತುಗಳು ಬರುವುದಿಲ್ಲ. ಅಲ್ಲಿ ಶಿಕ್ಷಕರಿಗೆ ಸಿಮ್ಯುಲೇಶನ್‌ನಲ್ಲೇ ತರಬೇತಿ ಕೊಡಲಾಗಿತ್ತು. ಪ್ರತಿ ಸನ್ನಿವೇಶದ ನಂತರ ಕ್ರಮಬದ್ಧವಾದ ಚರ್ಚೆ ಇತ್ತು. ಏನು ನೋಡಿದಿರಿ, ಅದಕ್ಕೆ ಏನರ್ಥ ಮಾಡಿದಿರಿ, ಯಾಕೆ ಹಾಗೆ ಮಾಡಿದಿರಿ ಎಂದು ಬಿಡಿಸುವ ಆ ಚರ್ಚೆಯಲ್ಲೇ ಕಲಿಕೆಯ ಹೆಚ್ಚಿನ ಪಾಲು ಇರುವುದು. ಐವತ್ತು ಜನ ಸುತ್ತ ನಿಂತು, ಇಬ್ಬರು ಮುಟ್ಟಿ, ಉಳಿದವರು ಹಾಜರಿ ಹಾಕಿಸಿಕೊಂಡು ಹೋಗುವ ಸ್ಕಿಲ್ ಲ್ಯಾಬ್‌ಗೆ ಆ ಫಲಿತಾಂಶ ಅನ್ವಯಿಸುವುದಿಲ್ಲ.

ನಿಯಮಗಳು ಗಂಟೆಯನ್ನಂತೂ ಸ್ಪಷ್ಟವಾಗಿ ಹೇಳುತ್ತವೆ. ಐರೋಪ್ಯ ಒಕ್ಕೂಟದ 2005ರ ನಿರ್ದೇಶನದ ಪ್ರಕಾರ ಕನಿಷ್ಠ 4600 ಗಂಟೆ. ಅದರಲ್ಲಿ ಥಿಯರಿ ಕನಿಷ್ಠ ಮೂರನೇ ಒಂದು, ಕ್ಲಿನಿಕಲ್ ಕನಿಷ್ಠ ಅರ್ಧ. ಬ್ರಿಟನ್‌ನಲ್ಲಿ ಇದು 2300 ಮತ್ತು 2300 ಎಂದು ಹಂಚಿಹೋಗಿದ್ದು, ಕ್ಲಿನಿಕಲ್ ಭಾಗದಲ್ಲಿ 600 ಗಂಟೆಯವರೆಗೆ ಸಿಮ್ಯುಲೇಶನ್‌ಗೆ ಅವಕಾಶ ಸಿಕ್ಕಿದೆ. ಗಂಟೆ ಅಳೆಯಲು ಸುಲಭ, ಅದಕ್ಕೇ ಅಳೆಯುತ್ತೇವೆ. ಸಿಬ್ಬಂದಿ ಸಾಲದ ವಾರ್ಡಿಗೆ ಹೋದ ವಿದ್ಯಾರ್ಥಿ ಎಂಟು ಗಂಟೆ ಬಿಪಿ ನೋಡಿ, ಸ್ಯಾಂಪಲ್ ಲ್ಯಾಬಿಗೆ ಕೊಟ್ಟು, ಟ್ರಾಲಿ ತಳ್ಳಿ ಬಂದರೂ ಎಂಟು ಗಂಟೆಯೇ. ಇಬ್ಬರೇ ರೋಗಿಗಳನ್ನು ಪೂರ್ತಿಯಾಗಿ ನೋಡಿಕೊಂಡು, ಪಕ್ಕದಲ್ಲಿದ್ದ ನರ್ಸ್ 'ಇವರಿಗೆ ಮೂತ್ರ ಎಷ್ಟಾಯಿತು? ಕಡಿಮೆಯಾಗಿದ್ದರೆ ಯಾಕಿರಬಹುದು?' ಎಂದು ಕೇಳಿ ಉತ್ತರ ತಿದ್ದಿದ್ದೂ ಎಂಟು ಗಂಟೆಯೇ. ಲಾಗ್‌ಬುಕ್‌ನಲ್ಲಿ ಎರಡಕ್ಕೂ ಒಂದೇ ಸಹಿ.

ಆ ಸಹಿಯ ಬಗ್ಗೆಯೂ ಹೇಳಬೇಕು. ಮೇಲ್ವಿಚಾರಕ ನರ್ಸ್‌ಗಳು ತಮ್ಮ ರೋಗಿಗಳ ಹೊರೆಯ ಜೊತೆಗೇ ವಿದ್ಯಾರ್ಥಿಯನ್ನೂ ನೋಡಿಕೊಳ್ಳುತ್ತಾರೆ. ಅನುಮಾನವಿದ್ದರೂ ಫೇಲ್ ಮಾಡಲು ಹಿಂಜರಿಯುತ್ತಾರೆ. ಫೇಲ್ ಮಾಡಿದರೆ ಕಾರಣ ಬರೆಯಬೇಕು, ಕಾಲೇಜಿಗೆ ಉತ್ತರಿಸಬೇಕು, ಹುಡುಗಿಯ ಭವಿಷ್ಯ ಹಾಳು ಮಾಡಿದ ಮಾತು ಕೇಳಬೇಕು. ಮುಂದಿನ ವಾರ್ಡಿನವರು ತಿದ್ದಿಕೊಳ್ಳಲಿ ಎಂದು ಸಹಿ ಹಾಕುತ್ತಾರೆ, ಮುಂದಿನವರೂ ಹಾಗೇ ಯೋಚಿಸುತ್ತಾರೆ. ಕೊನೆಯ ವರ್ಷಕ್ಕೆ ಬಂದ ಮೇಲೆ ಫೇಲ್ ಮಾಡುವುದು ಇನ್ನೂ ಕಷ್ಟ. ಮೊದಲ ಪೋಸ್ಟಿಂಗ್‌ನಲ್ಲೇ ಕೊರತೆ ಬರೆದಿಟ್ಟು, ಎರಡು ವಾರದ ನಂತರ ಅದೇ ಕೊರತೆಯನ್ನು ಮತ್ತೆ ನೋಡುವ ವ್ಯವಸ್ಥೆ ಇದ್ದರೆ ವಿದ್ಯಾರ್ಥಿಗೂ ಅನುಕೂಲ, ಸಹಿ ಹಾಕುವವರಿಗೂ ಅಳುಕಿರುವುದಿಲ್ಲ.

ಕೊನೆಯ ವರ್ಷದಲ್ಲಿ ಸಂಶೋಧನೆ, ಆಡಳಿತ, ಕಾನೂನು, ನೀತಿ. ಸಂಶೋಧನೆಯ ಪತ್ರಿಕೆ ವಾರ್ಡಿಗೆ ಯಾಕೆ ಎಂದು ಕೇಳುವವರಿಗೆ ಮೂಗಿನ ಮೂಲಕ ಹೊಟ್ಟೆಗೆ ಹಾಕುವ ನಳಿಕೆಯನ್ನು ತೋರಿಸಬಹುದು. ಸಿರಿಂಜಿನಿಂದ ಗಾಳಿ ಊದಿ ಹೊಟ್ಟೆಯ ಮೇಲೆ ಸ್ಟೆತಸ್ಕೋಪ್ ಇಟ್ಟು 'ಸುಂಯ್' ಎಂದರೆ ನಳಿಕೆ ಸರಿಯಾಗಿದೆ ಎನ್ನುವುದು ಬಹುಕಾಲದ ರೂಢಿ. ನಳಿಕೆ ಶ್ವಾಸಕೋಶದಲ್ಲಿದ್ದರೂ ಆ ಶಬ್ದ ಕೇಳಿಸಬಹುದು. ಈಗ ಒಪ್ಪಿತವಾಗಿರುವುದು ಎಳೆದ ದ್ರವದ ಆಮ್ಲೀಯತೆ ಅಳೆಯುವ ಪಿಎಚ್ 5.5 ಅಥವಾ ಅದಕ್ಕಿಂತ ಕಡಿಮೆ ಇದೆಯೇ ಎಂದು ನೋಡುವುದು, ಇಲ್ಲವೆಂದರೆ ಎಕ್ಸ್-ರೇ. ಕೆಂಪಾದ ಚರ್ಮವನ್ನು ಉಜ್ಜಿ ಮಸಾಜ್ ಮಾಡುವುದು, ಪೃಷ್ಠದ ಹಿಂಭಾಗಕ್ಕೇ ಸೂಜಿ ಚುಚ್ಚುವುದು ಇವೂ ಹೀಗೆ ಹಿಂದೆ ಸರಿದ ರೂಢಿಗಳು. ಸೂಜಿಯ ಜಾಗ ಬದಲಾಗಿದ್ದು ಕಾಲಿಗೆ ಇಳಿಯುವ ಸಿಯಾಟಿಕ್ ನರಕ್ಕೆ ಪೆಟ್ಟು ಬೀಳುವ ಅಪಾಯದಿಂದ. ಈಗ ಸೊಂಟದ ಪಕ್ಕದ ಸ್ನಾಯುವಿಗೆ ಆದ್ಯತೆ. ಹಳೆಯ ರೂಢಿ ಇನ್ನೂ ನಡೆಯುತ್ತಿರುವ ವಾರ್ಡಿಗೆ ಹೋದ ವಿದ್ಯಾರ್ಥಿಗೆ 'ಕಾಲೇಜಿನದ್ದು ಕಾಲೇಜಿಗೆ, ಇಲ್ಲಿ ಹೀಗೇ' ಎಂಬ ಮಾತು ಖಂಡಿತ ಸಿಗುತ್ತದೆ. ಆಗ ಹಿರಿಯರನ್ನು ಕೆಣಕದೆ ಆಧಾರ ಮುಂದಿಡುವುದು ಹೇಗೆಂದು ಪಠ್ಯಕ್ರಮದಲ್ಲಿ ಎಲ್ಲೂ ಇರುವುದಿಲ್ಲ, ಇರಬೇಕಿತ್ತು.

ಇಷ್ಟೆಲ್ಲ ಓದಿಗೆ ಫಲವಿದೆಯೇ ಎಂಬ ಪ್ರಶ್ನೆಗೆ ಉತ್ತರಿಸುವ ದೊಡ್ಡ ಅಧ್ಯಯನವೊಂದು 2014ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಲಿಂಡಾ ಏಕನ್ ನೇತೃತ್ವದ ತಂಡ ಯುರೋಪಿನ 9 ದೇಶಗಳಲ್ಲಿ ಶಸ್ತ್ರಚಿಕಿತ್ಸೆಯಾದ ರೋಗಿಗಳ ದಾಖಲೆ ನೋಡಿತ್ತು. ಪದವೀಧರ ನರ್ಸ್‌ಗಳ ಪಾಲು ಶೇ. 10 ಹೆಚ್ಚಿದ್ದಲ್ಲಿ, ದಾಖಲಾದ 30 ದಿನದೊಳಗೆ ರೋಗಿ ಸಾಯುವ ಸಾಧ್ಯತೆ ಶೇ. 7 ಕಡಿಮೆ ಇತ್ತು. ಒಬ್ಬ ನರ್ಸ್ ಮೇಲೆ ಒಬ್ಬ ರೋಗಿ ಹೆಚ್ಚಿದಾಗ ಅದೇ ಸಾಧ್ಯತೆ ಶೇ. 7 ಹೆಚ್ಚಿತ್ತು. ಇದು ನಂಟು ತೋರಿಸುವ ಅಧ್ಯಯನ, ಕಾರಣವನ್ನು ಸಾಬೀತು ಮಾಡುವುದಲ್ಲ. ಆದರೂ ಎರಡೂ ಅಂಕಿಗಳನ್ನು ಜೊತೆಗಿಟ್ಟು ನೋಡಿದರೆ ಸೀಟಿನ ಚರ್ಚೆಯಲ್ಲಿ ಒಂದು ತೊಡಕು ಕಾಣುತ್ತದೆ: ಓದು ಗಟ್ಟಿಯಿದ್ದರೂ ಹೊರೆ ಹೆಚ್ಚಿದರೆ ಲಾಭ ಅಲ್ಲಿಗೆ ಕರಗುತ್ತದೆ.

ಹಾಗಾಗಿ ಕಾಲೇಜು ಆರಿಸುವ ಕುಟುಂಬಗಳು, ಮಾನ್ಯತೆ ಕೊಡುವ ಮಂಡಳಿಗಳು ಗಂಟೆಯ ಜೊತೆಗೆ ಬೇರೆ ಕೆಲವು ಪ್ರಶ್ನೆಗಳನ್ನೂ ಕೇಳಬೇಕು. ಪೋಸ್ಟಿಂಗ್‌ನಲ್ಲಿ ಒಬ್ಬ ಶಿಕ್ಷಕರ ಕೆಳಗೆ ಎಷ್ಟು ವಿದ್ಯಾರ್ಥಿಗಳು? ಮೇಲ್ವಿಚಾರಕ ನರ್ಸ್‌ಗೆ ಆ ದಿನ ರೋಗಿಗಳ ಸಂಖ್ಯೆ ಕಡಿಮೆ ಮಾಡುತ್ತಾರೆಯೇ? ಸಿಮ್ಯುಲೇಶನ್ ಮುಗಿದ ಮೇಲೆ ಚರ್ಚೆಗೆ ಎಷ್ಟು ಹೊತ್ತು? ಔಷಧ ಲೆಕ್ಕದ ಪರೀಕ್ಷೆ ಪ್ರತಿ ವರ್ಷ ಇದೆಯೇ, ಅದರಲ್ಲಿ ಪಾಸಾಗಲು ಅರ್ಧ ಅಂಕ ಸಾಕೇ? ಕೊನೆಯ ವರ್ಷದಲ್ಲಿ ವಿದ್ಯಾರ್ಥಿ ಒಂದು ಶಿಫ್ಟಿನಲ್ಲಿ ನಾಲ್ಕೈದು ರೋಗಿಗಳನ್ನು ಒಟ್ಟಿಗೆ ನೋಡಿಕೊಂಡು, ಯಾರನ್ನು ಮೊದಲು ನೋಡಬೇಕೆಂದು ತಾನೇ ನಿರ್ಧರಿಸಿ, ಆ ನಿರ್ಧಾರಕ್ಕೆ ಕಾರಣ ಹೇಳುವ ಅವಕಾಶ ಎಷ್ಟು ಸಲ ಸಿಗುತ್ತದೆ? ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಆ ನಿರ್ಧಾರ ಹೆಗಲಿಗೆ ಬೀಳುತ್ತದೆ, ಆಗ ಪಕ್ಕದಲ್ಲಿ ನಿಂತು ಕಾರಣ ಕೇಳುವವರು ಇರುವುದಿಲ್ಲ.